ಊರು ಬಿಟ್ಟವರು, ಉತಾರದಲ್ಲಿ ಉಳಿದವರು

ಕನ್ನಡದ ಜನ ಅತಿ ಹೆಚ್ಚು ಅತ್ತ ಕಣ್ಮರೆ ಯಾವುದು? ನನ್ನನ್ನು ಕೇಳಿದರೆ ‘ಬಂಗಾರದ ಮನುಷ್ಯ’ದ ರಾಜೀವಪ್ಪನದು. ಅಕ್ಕನ ಸಂಸಾರವನ್ನು ಎತ್ತಿ ನಿಲ್ಲಿಸಿದವನು, ಕಲ್ಲುನೆಲವನ್ನು ಹಸನು ಮಾಡಿದವನು, ಅಕ್ಕನ ಮಗ ಆಡಿದ ಒಂದು ಮಾತಿಗೆ ಉಣ್ಣುವುದನ್ನು ಬಿಟ್ಟು ಎದ್ದು ಹೋಗುತ್ತಾನೆ. ಮತ್ತೆ ಊರಿಗೆ ಬರುವುದಿಲ್ಲ. ಆ ಮಾತಿಗೆ ಅವನ ಹತ್ತಿರ ಉತ್ತರ ಇರಲಿಲ್ಲ ಎಂದಲ್ಲ. ಉತ್ತರ ಕೊಟ್ಟಿದ್ದರೆ ತೀರಿಹೋದ ಭಾವನ ಗುಟ್ಟು ಅಕ್ಕನ ಎದುರೇ ಬಯಲಾಗುತ್ತಿತ್ತು. ಅದಕ್ಕೇ ಬಾಯಿ ಮುಚ್ಚಿಕೊಂಡು ಹೊರಟ. 1972ರಲ್ಲಿ ಸಿದ್ದಲಿಂಗಯ್ಯನವರ ಈ ಚಿತ್ರ ನೋಡಿದವರು ರೈತನ ಕಥೆ ನೋಡಿದೆವು ಎಂದುಕೊಂಡರು. ಮೂಲ ಕಾದಂಬರಿ ಬರೆದವರು ಟಿ.ಕೆ. ರಾಮರಾವ್, ಕನ್ನಡದ ಓದುಗರನ್ನು ರಾತ್ರಿಯೆಲ್ಲ ಎಚ್ಚರ ಇಟ್ಟ ರಹಸ್ಯ ಕಾದಂಬರಿಗಳ ಕರ್ತೃ. ‘ಬಂಗಾರದ ಮನುಷ್ಯ’ವನ್ನೂ ಹಾಗೇ ಓದಿ ನೋಡಿ: ಒಂದು ಮನೆ, ಒಂದು ಮುಚ್ಚಿಟ್ಟ ಸಂಬಂಧ, ತಪ್ಪಾಗಿ ಕಟ್ಟಿದ ಸಂಶಯ, ಒಬ್ಬ ಮನುಷ್ಯ ನಾಪತ್ತೆ.

ಬೆಟ್ಟದ ಸೀಮೆ, ಕಾಣೆಯಾದ ಜನ, ಮನೆತನದ ಗುಟ್ಟು ಎಂಬ ಮೂರು ಸಾಮಗ್ರಿಗಳಿಂದ ಕಟ್ಟಿದ ಕಾದಂಬರಿಗಳು ಜಗತ್ತಿನ ಪುಸ್ತಕದಂಗಡಿಗಳಲ್ಲಿ ಬೇಕಾದಷ್ಟಿವೆ. ಕನ್ನಡದಲ್ಲಿ ಯಾಕಿಲ್ಲ ಎಂದು ಕೇಳುವವರಿಗೆ ನನ್ನ ಉತ್ತರ: ಇವೆ, ಆದರೆ ಬೇರೆ ಕಪಾಟಿನಲ್ಲಿವೆ. ಪತ್ತೇದಾರಿ ಎಂದು ಬರೆದ ಕಪಾಟಿನಲ್ಲಿ ಎನ್. ನರಸಿಂಹಯ್ಯನವರ ಐನೂರಕ್ಕೂ ಹೆಚ್ಚು ಪುಸ್ತಕಗಳಿವೆ. ಅಲ್ಲಿ ಪತ್ತೇದಾರ ಪುರುಷೋತ್ತಮ ಬಂದು ಕಳ್ಳನನ್ನು ಹಿಡಿದು ಹೋಗುತ್ತಾನೆ. ಮನೆಯವರಿಗೆ ಮೊದಲೇ ಗೊತ್ತಿದ್ದೂ ಯಾರೂ ಬಾಯಿ ಬಿಡದ ರಹಸ್ಯಗಳೆಲ್ಲ ‘ಸಾಹಿತ್ಯ’ದ ಕಪಾಟಿಗೆ ಹೋದವು.

ಶಿವರಾಮ ಕಾರಂತರ ‘ಬೆಟ್ಟದ ಜೀವ’ವನ್ನೇ ತೆಗೆದುಕೊಳ್ಳಿ. 1943ರ ಪುಸ್ತಕ. ಸುಬ್ರಹ್ಮಣ್ಯದ ಕಡೆಯ ಕಾಡು, ಕುಮಾರಪರ್ವತದ ನೆರಳು, ದಾರಿ ತಪ್ಪಿದ ಒಬ್ಬ ಪ್ರವಾಸಿ, ಅವನಿಗೆ ಆಸರೆ ಕೊಡುವ ವೃದ್ಧ ದಂಪತಿ ಗೋಪಾಲಯ್ಯ ಮತ್ತು ಶಂಕರಮ್ಮ. ನಾವು ಈ ಕಾದಂಬರಿಯನ್ನು ಪ್ರಕೃತಿ, ದುಡಿಮೆ, ಆತಿಥ್ಯ ಎಂದು ಪಾಠ ಮಾಡಿ ಮಾಡಿ ಅದರ ಬೆನ್ನೆಲುಬನ್ನೇ ಮರೆತಿದ್ದೇವೆ. ಆ ಮನೆಯ ಮಗ ಶಂಭು ಮನೆ ಬಿಟ್ಟು ಹೋಗಿದ್ದಾನೆ. ಬದುಕಿದ್ದಾನೋ ಇಲ್ಲವೋ ತಿಳಿಯದು. ತಾಯಿಗೆ ಅವನು ಹೋದ ಕಾರಣದ ಬಗ್ಗೆ ಒಂದು ಲೆಕ್ಕಾಚಾರ, ತಂದೆಗೆ ಇನ್ನೊಂದು. ಇಬ್ಬರೂ ಒಬ್ಬರೆದುರು ಒಬ್ಬರು ಅದನ್ನು ಪೂರ್ತಿ ಆಡುವುದಿಲ್ಲ. ಅವರು ಮಗನಂತೆ ಸಾಕಿಕೊಂಡ ನಾರಾಯಣ ಮತ್ತು ಅವನ ಹೆಂಡತಿ ಲಕ್ಷ್ಮಿ ಮೇಲಿನ ತೋಟದಲ್ಲಿದ್ದಾರೆ. ನಿಜ ಗೊತ್ತಿರುವವರು ಅಲ್ಲಿದ್ದಾರೆ. ಏನು ಎಂದು ಇಲ್ಲಿ ಒಡೆದು ಹೇಳಿದರೆ ಓದದವರಿಗೆ ಅನ್ಯಾಯ. ಆದರೆ ಕಾರಂತರ ಜಾಣತನವನ್ನು ಗಮನಿಸಿ: ಆ ಗುಟ್ಟನ್ನು ಅವರು ಮನೆಯವರ ಕೈಗೆ ಕೊಡಲಿಲ್ಲ, ನಾಲ್ಕು ದಿನಕ್ಕೆ ಬಂದ ಅತಿಥಿಯ ಕಿವಿಗೆ ಹಾಕಿದರು. ಇನ್ನು ಮೇಲೆ ಶಂಕರಮ್ಮ ಬಡಿಸುವ ಪ್ರತಿ ತುತ್ತನ್ನೂ ಅವನು ಆ ಗುಟ್ಟಿನ ಸಮೇತ ನುಂಗಬೇಕು. ರಹಸ್ಯ ಕಾದಂಬರಿಯ ಕಸುಬು ಬಲ್ಲವರಿಗೆ ಇದಕ್ಕಿಂತ ಬಿಗಿಯಾದ ಏರ್ಪಾಡು ಸಿಗುವುದು ಕಷ್ಟ.

1960ರ ‘ಅಳಿದ ಮೇಲೆ’ಯಲ್ಲಿ ಕಾರಂತರು ಅದೇ ಕೆಲಸವನ್ನು ತಿರುವುಮುರುವು ಮಾಡಿದರು. ಮುಂಬಯಿಯಲ್ಲಿ ಯಶವಂತರಾಯ ಎಂಬವನು ಸಾಯುತ್ತಾನೆ. ಅವನು ಬಿಟ್ಟುಹೋದ ಕಾಗದ ಪತ್ರ ಹಿಡಿದು ನಿರೂಪಕ ಊರೂರು ಅಲೆದು ಆ ಮನುಷ್ಯ ಯಾರು, ಯಾರನ್ನು ಬಿಟ್ಟು ಬಂದಿದ್ದ ಎಂದು ಹುಡುಕುತ್ತಾನೆ. ಭೈರಪ್ಪನವರ ‘ಅನ್ವೇಷಣ’ (1976) ‘ಗೃಹಭಂಗ’ದಲ್ಲಿ ಅನಾಥನಾದ ವಿಶ್ವನ ಜಾಡನ್ನು ಹಲವರ ಬಾಯಿಂದ ಕೇಳಿಸುತ್ತದೆ. ಅವರದೇ ‘ವಂಶವೃಕ್ಷ’ದ ಶ್ರೋತ್ರಿಯರು ಜೀವನವಿಡೀ ನಂಬಿದ ವಂಶ ತಮ್ಮದಲ್ಲ ಎಂದು ಮುಪ್ಪಿನಲ್ಲಿ ತಿಳಿಯುತ್ತಾರೆ. ತೇಜಸ್ವಿಯವರ ‘ಚಿದಂಬರ ರಹಸ್ಯ’ ಮತ್ತು ‘ಜುಗಾರಿ ಕ್ರಾಸ್’ ಮಾತ್ರ ರಹಸ್ಯವನ್ನು ನೇರವಾಗಿ ಹೊತ್ತು ಬಂದವು. ಮಲೆನಾಡಿನ ಘಾಟಿಯನ್ನು ಏಲಕ್ಕಿ ಮಾರುಕಟ್ಟೆ, ಕಳ್ಳಸಾಗಣೆ, ಸಂಶಯಾಸ್ಪದ ಸಾವುಗಳ ಜಾಗವಾಗಿ ತೋರಿಸಿದವು. ‘ರಂಗಿತರಂಗ’ದಂಥ ಸಿನಿಮಾ 2015ರಲ್ಲಿ ಹಸಿರು ಊರು, ಕಾಣೆಯಾಗುವ ಹೆಂಗಸರು ಎಂದು ಥಿಯೇಟರ್ ತುಂಬಿಸಿದ್ದು ಈ ನೆಲ ಮೊದಲೇ ಹದವಾಗಿತ್ತು ಎಂಬ ಕಾರಣಕ್ಕೆ.

ಈಗ ನಮ್ಮ ಕಡೆಗೆ ಬರೋಣ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಈ ಐದು ತಾಲ್ಲೂಕುಗಳಲ್ಲಿ ಇಂಥ ಕಾದಂಬರಿ ನಡೆಸಲು ಬೆಟ್ಟ ಎಲ್ಲಿದೆ ಎಂದು ಯಾರಾದರೂ ನಗಬಹುದು. ನಿಪ್ಪಾಣಿಯ ದಕ್ಷಿಣಕ್ಕೆ ಹೆದ್ದಾರಿ ಏರುವ ತವಂದಿ ಘಾಟು, ಅದರ ಮಗ್ಗುಲಲ್ಲಿ ಸ್ತವನಿಧಿಯ ಬಸದಿ. ಪಶ್ಚಿಮಕ್ಕೆ ರಾಧಾನಗರಿ ದಾಟಿ ಫೋಂಡಾ ಘಾಟಿನಿಂದ ಕೊಂಕಣಕ್ಕಿಳಿಯುವ ಹಳೆಯ ದಾರಿ. ಅಷ್ಟೇ. ಉಳಿದದ್ದು ಕೃಷ್ಣೆ, ದೂಧಗಂಗಾ, ವೇದಗಂಗಾ ಹರಡಿಟ್ಟ ಎರೆನೆಲ. ಆದರೆ ಡಿಸೆಂಬರಿನಲ್ಲಿ ಉಗಾರದಿಂದ ಕುಡಚಿಯ ಕಡೆ ಹೋಗಿ ನೋಡಿ. ಆಳೆತ್ತರ ಮೀರಿದ ಕಬ್ಬು ರಸ್ತೆಯ ಎರಡೂ ಬದಿಗೆ ನಿಂತಿರುತ್ತದೆ. ಹತ್ತು ಹೆಜ್ಜೆ ಒಳಗೆ ಹೋದವನು ಹೊರಗಿನವರಿಗೆ ಕಾಣುವುದಿಲ್ಲ. ಕಾರ್ಖಾನೆ ಶುರುವಾದ ಮೇಲೆ ಮರಾಠವಾಡಾದ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಸಂಸಾರ ಸಮೇತ ಬಂದು ಹೊಲದ ಅಂಚಿಗೆ ಗುಡಿಸಲು ಹಾಕುತ್ತವೆ. ಮುಂಗಡ ಹಣ ಪಡೆದ ಮುಕಾದಮ ಗ್ಯಾಂಗು ತರದೇ ಮಾಯವಾಗುವುದು ಪ್ರತಿ ಹಂಗಾಮಿನ ಸುದ್ದಿ. ಶೇಡಬಾಳ ಸ್ಟೇಶನ್ನಿನಲ್ಲಿ ರೈಲು ಹತ್ತಿದವನು ಸ್ವಲ್ಪ ಹೊತ್ತಿಗೆ ಮಿರಜಿನಲ್ಲಿ, ಅಂದರೆ ಇನ್ನೊಂದು ರಾಜ್ಯದಲ್ಲಿ, ಇನ್ನೊಂದು ಪೊಲೀಸರ ಹದ್ದಿನಲ್ಲಿ. ಅಲ್ಲಿಂದ ಪುಣೆ, ಮುಂಬಯಿ. ಮರೆಯಾಗಲು ಮನುಷ್ಯನಿಗೆ ಬೆಟ್ಟವೇ ಬೇಕೆಂದಿಲ್ಲ.

ಮರೆಮಾಡಲು ಇಲ್ಲಿ ಇನ್ನೂ ಗಟ್ಟಿಯಾದದ್ದೊಂದು ಇದೆ: ಕಾಗದ. ಈ ಸೀಮೆಯ ಮನೆತನದ ಗುಟ್ಟುಗಳು ಭೂತದ ರೂಪದಲ್ಲಿ ಓಡಾಡುವುದಿಲ್ಲ, ಉತಾರದ, ಅಂದರೆ ಹೊಲದ ಹಕ್ಕಿನ ದಾಖಲೆಯ, ಕಲಮುಗಳಲ್ಲಿ ಕೂತಿರುತ್ತವೆ. ಪೇಶ್ವೆಯರ ಕಾಲದಿಂದ ದೇಸಾಯಿ, ದೇಶಪಾಂಡೆ, ಪಾಟೀಲ, ಕುಲಕರ್ಣಿ ವತನಗಳು ಇಲ್ಲಿ ಬೇರು ಬಿಟ್ಟಿದ್ದವು. ನಿಪ್ಪಾಣಿಯಲ್ಲಿ ನಿಂಬಾಳಕರ ದೇಸಾಯರ ವಾಡೆ, ಹಳ್ಳಿಹಳ್ಳಿಗೆ ಪಾಟೀಲರ ವಾಡೆ. ವತನ ಉಳಿಯಲು ಗಂಡು ಬೇಕು, ಹುಟ್ಟದಿದ್ದರೆ ದತ್ತಕ. ದತ್ತಕದ ಸುತ್ತ ಎಷ್ಟು ಸಂಶಯ ಹುಟ್ಟಬಹುದು ಎಂಬುದಕ್ಕೆ ನಮ್ಮ ಬೆಳಗಾವಿ ಜಿಲ್ಲೆಯ ಅತಿ ಪ್ರಸಿದ್ಧ ಘಟನೆಯೇ ಸಾಕು. 1824ರಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರ ಸರ್ಜ ತೀರಿಕೊಂಡಾಗ ಮಾಸ್ತಮರಡಿಯ ಹುಡುಗನನ್ನು ದತ್ತು ತೆಗೆದುಕೊಂಡ ಪತ್ರ ಧಾರವಾಡದ ಕಲೆಕ್ಟರ್ ಥ್ಯಾಕರೆಯ ಕೈ ಸೇರಿತು. ಅವನು ಕೇಳಿದ ಪ್ರಶ್ನೆ ಥೇಟ್ ಪತ್ತೇದಾರನದು: ಈ ಸಹಿ ದೇಸಾಯರದ್ದೇ ಹೌದೋ, ಜೀವ ಇದ್ದಾಗ ಹಾಕಿದ್ದೋ? ಉತ್ತರ ಅವನಿಗೆ ಬೇಕಿರಲಿಲ್ಲ, ಬೊಕ್ಕಸ ಬೇಕಿತ್ತು ಎಂಬುದು ಬೇರೆ ಮಾತು. ಅಕ್ಟೋಬರ್ 23ರಂದು ಕೋಟೆಯ ಮುಂದೆ ಅವನ ಹೆಣ ಬಿತ್ತು. ಚೆನ್ನಮ್ಮನ ಕಥೆಯನ್ನು ನಾವು ಯುದ್ಧದಿಂದ ಶುರುಮಾಡುತ್ತೇವೆ. ಆ ಒಂದು ಸಹಿಯಿಂದ ಶುರುಮಾಡಿ ಬರೆದರೆ ಇನ್ನೊಂದೇ ಕಾದಂಬರಿ ಆದೀತು.

ಆ ಮೇಲೆ 1852ರ ಇನಾಂ ಕಾಯ್ದೆ ಬಂತು. ಇನಾಂ ಕಮಿಷನ್ನಿನವರು ಮನೆಮನೆಗೆ ಸನದು ತೋರಿಸಿ ಎಂದರು. ಇದ್ದವರು ತೋರಿಸಿದರು, ಇಲ್ಲದವರು ಮಾಡಿಸಿದರು. ಅಜ್ಜನ ಅಜ್ಜ ನಿಜಕ್ಕೂ ಯಾರ ಮಗ ಎಂಬ ಪ್ರಶ್ನೆ ಸರಕಾರಿ ಪ್ರಶ್ನೆಯಾದದ್ದು ಆಗಲೇ.

ಮುಂಬಯಿ ಪ್ರಾಂತದ ಹಿಂದೂ ಕಾನೂನಿನಲ್ಲಿ ಒಂದು ವಿಚಿತ್ರ ಗಂಟಿತ್ತು, ಬೆಳಗಾವಿ ಜಿಲ್ಲೆ 1956ರ ತನಕ ಆ ಕಾನೂನಿನ ಕೆಳಗೇ ಇತ್ತು. ಗಂಡ ಅನುಮತಿ ಕೊಡದೇ ಸತ್ತಿದ್ದರೂ ವಿಧವೆ ದತ್ತು ತೆಗೆದುಕೊಳ್ಳಬಹುದಿತ್ತು. ಇಪ್ಪತ್ತು ಮೂವತ್ತು ವರ್ಷ ಬಿಟ್ಟೂ ತೆಗೆದುಕೊಳ್ಳಬಹುದಿತ್ತು. ತೆಗೆದುಕೊಂಡರೆ ಆ ಹುಡುಗ ಗಂಡ ಸತ್ತ ದಿನವೇ ಹುಟ್ಟಿದ ಮಗನಂತೆ ಎಂದು ಕೋರ್ಟು ಎಣಿಸುತ್ತಿತ್ತು. ಅಂದರೆ ಮೈದುನರು ಹಂಚಿಕೊಂಡು ಉಂಡು, ಮಾರಿ, ಮಕ್ಕಳಿಗೆ ಲಗ್ನ ಮಾಡಿದ ಆಸ್ತಿಯ ಕಡತ ಮತ್ತೆ ತೆರೆಯುತ್ತಿತ್ತು. ಮೂಲೆ ಕೋಣೆಯಲ್ಲಿ ಕೂತು ಮೂರು ಹೊತ್ತು ಉಂಡು ಸುಮ್ಮನಿದ್ದ ಅತ್ತಿಗೆಯ ಕೈಯಲ್ಲಿ ಇಡೀ ಮನೆತನವನ್ನು ತಲೆಕೆಳಗು ಮಾಡುವ ಶಕ್ತಿ ಇತ್ತು ಎಂಬುದು ಎಲ್ಲರಿಗೂ ಗೊತ್ತಿತ್ತು. ಆಕೆಯ ತವರಿನಿಂದ ಒಬ್ಬ ಹುಡುಗ ರಜೆಗೆ ಬಂದರೆ ಅಡುಗೆಮನೆಯ ಗಾಳಿಯೇ ಬದಲಾಗುತ್ತಿತ್ತು. 1956ರ ದತ್ತಕ ಕಾಯ್ದೆ ಈ ಗಂಟನ್ನು ಕತ್ತರಿಸಿತು: ಆಗಲೇ ಒಬ್ಬರಿಗೆ ಸೇರಿಹೋದ ಆಸ್ತಿಯನ್ನು ದತ್ತುಮಗ ಕಸಿಯುವಂತಿಲ್ಲ. ಅಣ್ಣತಮ್ಮಕಿಯ ವ್ಯಾಜ್ಯಗಳು ಆ ಮೇಲೂ ಕಡಿಮೆ ಆಗಲಿಲ್ಲ, ಬಗೆ ಬದಲಾಯಿಸಿದವು.

ನಿಪ್ಪಾಣಿಗೆ ಹತ್ತಿರದ ಕೊಲ್ಹಾಪುರದವರೆಗೆ ಚಾಚಿದ ತಾಯಿಮಹಾರಾಜ ಪ್ರಕರಣ ಈ ಬಗೆಯ ಕಥೆಗಳ ಅಜ್ಜಿ. ಬಾಬಾ ಮಹಾರಾಜ ಎಂಬ ಸರದಾರ 1897ರಲ್ಲಿ ಸತ್ತ. ಎಸ್ಟೇಟಿನ ವಿಶ್ವಸ್ತರಲ್ಲಿ ಬಾಲಗಂಗಾಧರ ತಿಲಕರೂ ಒಬ್ಬರು. 1901ರಲ್ಲಿ ಔರಂಗಾಬಾದಿನಲ್ಲಿ ಜಗನ್ನಾಥ ಎಂಬ ಹುಡುಗನ ದತ್ತಕ ಆಯಿತು ಎಂದು ತಿಲಕರು. ಆಗಲೇ ಇಲ್ಲ ಎಂದು ವಿಧವೆ ತಾಯಿಮಹಾರಾಜ. ಕೊಲ್ಹಾಪುರದಲ್ಲಿ ಇನ್ನೊಬ್ಬ ಹುಡುಗನ ದತ್ತಕ. ತಿಲಕರ ಮೇಲೇ ಸುಳ್ಳು ಸಾಕ್ಷಿಯ ಮೊಕದ್ದಮೆ ಬಿತ್ತು. ಕೊನೆಗೆ 1915ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ತಿಲಕರ ಪರ ತೀರ್ಪು ಕೊಟ್ಟಿತು. ಮಗು ತೊಡೆಯ ಮೇಲೆ ಕೂತಿತ್ತೋ ಇಲ್ಲವೋ ಎಂಬ ಒಂದು ಪ್ರಶ್ನೆ ಹದಿನಾಲ್ಕು ವರ್ಷ ಓಡಾಡಿತು.

ವಾಡೆಯ ಈ ಒಳಗಿನ ಬದುಕನ್ನು ಕನ್ನಡದಲ್ಲಿ ಹಿಡಿದವರು ನೆರೆಯ ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು. ‘ಸಿಂಗಾರೆವ್ವ ಮತ್ತು ಅರಮನೆ’ಯಲ್ಲಿ ಆಸ್ತಿಯ ಆಸೆಗೆ ದೇಸಗತಿಗೆ ಮಗಳನ್ನು ಕೊಟ್ಟ ಗೌಡ, ಬಯಲಾಟದ ಹುಚ್ಚಿನ ದೇಸಾಯಿ, ಮಕ್ಕಳಿಲ್ಲದ ಸಿಂಗಾರೆವ್ವ. ನಾಗಾಭರಣರು 2003ರಲ್ಲಿ ಅದನ್ನು ಸಿನಿಮಾ ಮಾಡಿದರು. ನನಗೆ ಅದರಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಕಥೆ ಹೇಳುವವಳ ಆಯ್ಕೆ: ಅರಮನೆಯ ಆಳು ಶೀನಿಂಗವ್ವ. ವಾಡೆಯ ಗುಟ್ಟು ವಾಡೆಯವರಿಗಿಂತ ಚೆನ್ನಾಗಿ ಗೊತ್ತಿರುವುದು ಹಿತ್ತಿಲ ಬಾಗಿಲಿನಿಂದ ಬಂದು ಹೋಗುವವರಿಗೆ. ಈ ಸೀಮೆಯಲ್ಲಿ ರಹಸ್ಯ ಕಾದಂಬರಿ ಬರೆಯುವವರಿಗೆ ಪತ್ತೇದಾರ ಬೇಡ, ಒಬ್ಬ ಶೀನಿಂಗವ್ವ ಸಿಕ್ಕರೆ ಸಾಕು. ಶೇಡಬಾಳದ ಮಿರ್ಜಿ ಅಣ್ಣಾರಾಯರು ‘ನಿಸರ್ಗ’ದಲ್ಲಿ ಇದೇ ನೆಲದ ಒಕ್ಕಲು ಮನೆಯನ್ನು, ಗಡಿಯ ಮಾತನ್ನು ಎಷ್ಟೋ ಮೊದಲೇ ಕಾದಂಬರಿಗೆ ತಂದಿದ್ದರು, ಮಾತು ಸಿದ್ಧವಿತ್ತು, ಕಥೆಗಾರರು ಗುಟ್ಟಿನ ಕಡೆ ಹೊರಳಲಿಲ್ಲ.

ವತನಗಳು 1950ರ ಮುಂಬಯಿ ಕಾಯ್ದೆಯಿಂದಲೂ ಆ ಮೇಲಿನ ಕರ್ನಾಟಕದ ಕಾಯ್ದೆಗಳಿಂದಲೂ ಹೋದವು. ಹೊಲ ಉಳಿಯಿತು, ಹೊಲದ ಬೆಲೆ ಏರಿತು. ಈಗ ಗುಟ್ಟು ಹುಟ್ಟುವುದು ಮನೆ ಬಿಟ್ಟು ಹೋದ ಅಣ್ಣನ ಪಾಲಿನ ಸುತ್ತ. ಕಾನೂನು ಇಲ್ಲಿ ಏನು ಹೇಳುತ್ತದೆ ಎಂಬುದು ಯಾವ ಕಾದಂಬರಿಗಿಂತ ಕಡಿಮೆ ಕುತೂಹಲದ್ದಲ್ಲ. ಒಬ್ಬನ ಸುದ್ದಿ ಸಹಜವಾಗಿ ಕೇಳಬೇಕಾದ ಜನಕ್ಕೇ ಏಳು ವರ್ಷ ಅವನ ಸುದ್ದಿ ಇಲ್ಲದಿದ್ದರೆ, ಅವನು ಬದುಕಿದ್ದಾನೆ ಎನ್ನುವವರು ಅದನ್ನು ಸಿದ್ಧಮಾಡಬೇಕು. 1872ರ ಸಾಕ್ಷ್ಯ ಕಾಯ್ದೆಯಲ್ಲಿ ಇದು 108ನೇ ಕಲಮು ಆಗಿತ್ತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 111. ಹೆಂಡತಿಗೆ ಇದೇ ಏಳು ವರ್ಷ 1955ರ ವಿವಾಹ ಕಾಯ್ದೆಯಡಿ ವಿಚ್ಛೇದನದ ಕಾರಣವೂ ಆಗುತ್ತದೆ.

ಜನ ತಿಳಿದಿರುವುದು ಇಷ್ಟು. ತಿಳಿಯದ ಭಾಗ ಇನ್ನೂ ಬಿಗಿ. ಏಳು ವರ್ಷವಾದರೆ ಸತ್ತ ಎಂದು ಊಹಿಸಬಹುದೇ ಹೊರತು ಯಾವತ್ತು ಸತ್ತ ಎಂದು ಊಹಿಸುವಂತಿಲ್ಲ. ತಾರೀಖು ಬೇಕಾದವನು ತಾರೀಖನ್ನು ಸಾಬೀತು ಮಾಡಬೇಕು. ಮಗ 2001ರಲ್ಲಿ ಹೋದ, ತಂದೆ 2005ರಲ್ಲಿ ತೀರಿಕೊಂಡ ಎಂದಿಟ್ಟುಕೊಳ್ಳಿ. ಮಗ ತಂದೆಗಿಂತ ಮೊದಲು ಸತ್ತನೋ ಆ ಮೇಲೋ ಎಂಬುದರ ಮೇಲೆ ಯಾರ ಪಾಲು ಯಾರಿಗೆ ಎಂಬುದು ಹೊರಳುತ್ತದೆ. ಹೀಗೆ ಒಂದೇ ಮನೆಯಲ್ಲಿ ಒಬ್ಬನಿಗೆ ಅಣ್ಣ ಬೇಗ ಸತ್ತಿರಬೇಕು, ಇನ್ನೊಬ್ಬನಿಗೆ ತಡವಾಗಿ ಸತ್ತಿರಬೇಕು, ಅವ್ವನಿಗೆ ಮಾತ್ರ ಬದುಕಿರಬೇಕು. ವಾರಸಾ ಅರ್ಜಿಗೆ ಮರಣದ ದಾಖಲೆ ಬೇಕು. ಇಲ್ಲದಿದ್ದರೆ ಕೋರ್ಟಿನ ಡಿಕ್ರಿ ಬೇಕು. ಡಿಕ್ರಿ ಬರುವ ತನಕ ಹೋದವನ ಹೆಸರು ಉತಾರದಲ್ಲಿ ಹಾಗೇ ಇರುತ್ತದೆ. ಸೊಸಾಯಿಟಿಯ ಸಾಲದ ಕಾಗದದಲ್ಲಿ, ಕಾಲುವೆಯ ಪರಿಹಾರದ ಯಾದಿಯಲ್ಲಿ, ಅವನು ತಪ್ಪದೇ ಹಾಜರು.

ಇಷ್ಟೆಲ್ಲ ಆದ ಮೇಲೆ ಹೋದವನು ಬಂದರೆ? ಅದಕ್ಕೊಂದು ದೊಡ್ಡ ಉದಾಹರಣೆ ವಿಭಜನೆಗೆ ಮುಂಚಿನ ನಮ್ಮ ದೇಶದ್ದೇ. ಪೂರ್ವ ಬಂಗಾಳದ ಭವಾಲ್ ಜಮೀನುದಾರಿಯ ರಾಜಕುಮಾರ 1909ರಲ್ಲಿ ಡಾರ್ಜಿಲಿಂಗಿನ ಬೆಟ್ಟದಲ್ಲಿ ಸತ್ತ ಎಂದು ಸುದ್ದಿಯಾಯಿತು. ಹನ್ನೊಂದು ಹನ್ನೆರಡು ವರ್ಷದ ನಂತರ ಬೂದಿ ಬಳಿದ ಸನ್ಯಾಸಿಯೊಬ್ಬ ಢಾಕಾದಲ್ಲಿ ಕಾಣಿಸಿಕೊಂಡ. ಅಕ್ಕ ಹೌದು ಎಂದಳು, ಹೆಂಡತಿ ಅಲ್ಲ ಎಂದಳು. 1936ರಲ್ಲಿ ಕೆಳಕೋರ್ಟು ಅವನೇ ಇವನು ಎಂದಿತು. 1946ರಲ್ಲಿ ಪ್ರಿವಿ ಕೌನ್ಸಿಲೂ ಅದನ್ನೇ ಹೇಳಿತು, ತೀರ್ಪಿನ ಕೆಲವೇ ದಿನಗಳಲ್ಲಿ ಅವನು ತೀರಿಕೊಂಡ. ಪೇಶ್ವೆಯರ ಪುಣೆಯಲ್ಲೂ ಹೀಗೊಂದು ನಡೆದಿತ್ತು. 1761ರ ಪಾಣಿಪತ್ತಿನಲ್ಲಿ ಮಡಿದ ಸದಾಶಿವರಾವ್ ಭಾವೂ ನಾನೇ ಎಂದು ಒಬ್ಬ ಬಂದ, ಸೈನ್ಯ ಕೂಡಿಸಿದ, 1776ರಲ್ಲಿ ಮರಣದಂಡನೆ ಪಡೆದ. ಭಾವೂವಿನ ಹೆಂಡತಿ ಪಾರ್ವತೀಬಾಯಿ ಗಂಡ ಸತ್ತಿದ್ದಾನೆಂದು ಕಡೆಯವರೆಗೂ ಒಪ್ಪದೇ ಮುತ್ತೈದೆಯಾಗಿಯೇ ಉಳಿದಳು. ಆ ಕಾಯ್ದೆ ಇಲ್ಲದ ಕಾಲದಲ್ಲಿ ಆಕೆ ತನಗೆ ತಾನೇ 108ನೇ ಕಲಮನ್ನು ತಳ್ಳಿಹಾಕಿಕೊಂಡಳು ಎನ್ನಬಹುದು.

ಆದರೆ ಈ ಸೀಮೆಯ ಕಣ್ಮರೆಗಳೆಲ್ಲ ಗಂಡಸರವಲ್ಲ, ಆಸ್ತಿಯವೂ ಅಲ್ಲ. ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯ ಹಳ್ಳಿಗಳಿಂದ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹುಡುಗಿಯರು ಸಾಂಗಲಿ, ಪುಣೆ, ಮುಂಬಯಿಯ ಓಣಿಗಳಿಗೆ ಹೋದದ್ದು ದಶಕಗಳ ಸಂಗತಿ. ಅವರ ಬಗ್ಗೆ ಯಾರೂ ಪೊಲೀಸರಲ್ಲಿ ನಾಪತ್ತೆ ಎಂದು ದೂರು ಕೊಡಲಿಲ್ಲ, ಯಾಕೆಂದರೆ ಮನೆಯವರಿಗೆ ವಿಳಾಸ ಗೊತ್ತಿತ್ತು. ತಿಂಗಳಿಗೊಮ್ಮೆ ಮನಿಆರ್ಡರ್ ಬರುತ್ತಿತ್ತು, ಅದರಲ್ಲಿ ತಮ್ಮನ ಲಗ್ನ, ಮನೆಯ ಮಾಳಿಗೆ ಆಗುತ್ತಿತ್ತು. ಕರ್ನಾಟಕ ದೇವದಾಸಿ ಸಮರ್ಪಣೆಯನ್ನು 1982ರ ಕಾಯ್ದೆಯಿಂದ ನಿಷೇಧಿಸಿತು. ಅಥಣಿ ತಾಲ್ಲೂಕಿನ ಕೋಕಟನೂರಿನ ಜಾತ್ರೆಗೆ ಪೊಲೀಸರು ಕಾವಲು ನಿಲ್ಲತೊಡಗಿದರು. ಆ ತಾಯಂದಿರ ಮಕ್ಕಳು ಶಾಲೆಗೆ ಹೋದಾಗ ದಾಖಲಾತಿ ಪುಸ್ತಕದ ತಂದೆಯ ಹೆಸರಿನ ಕಲಮು ಮುಂದೆ ಬಂತು. ಊರಿಗೆಲ್ಲ ಗೊತ್ತಿರುವ ಹೆಸರು, ಬರೆಯುವಂತಿಲ್ಲದ ಹೆಸರು. ಇದನ್ನು ರಹಸ್ಯ ಕಾದಂಬರಿ ಎಂದು ಕರೆಯಲು ನನಗೆ ಸಂಕೋಚವಾಗುತ್ತದೆ. ಆದರೆ ಗುಟ್ಟನ್ನು ಒಂದು ಊರು ಒಟ್ಟಾಗಿ ಹೇಗೆ ಕಾಯುತ್ತದೆ ಎಂದು ತಿಳಿಯಬೇಕಾದವರು ಮೊದಲು ನೋಡಬೇಕಾದದ್ದು ಇಲ್ಲಿ.

ನಿಜವಾದ ಅಪರಾಧ ಬಂದಾಗ ಅದು ಕಾದಂಬರಿಯಂತೆ ನಡೆಯುವುದಿಲ್ಲ ಎಂಬುದನ್ನೂ ನಾವು ಕಂಡಿದ್ದೇವೆ. 2023ರ ಜುಲೈಯಲ್ಲಿ ಚಿಕ್ಕೋಡಿ ತಾಲ್ಲೂಕಿನ ಹಿರೇಕೋಡಿಯ ನಂದಿಪರ್ವತ ಆಶ್ರಮದಿಂದ ಜೈನ ಮುನಿ ಕಾಮಕುಮಾರ ನಂದಿ ಮಹಾರಾಜರು ಕಾಣೆಯಾದರು. ದಿಗಂಬರ ಮುನಿ ಹೇಳದೇ ಕೇಳದೇ ವಿಹಾರ ಹೊರಡುವವರಲ್ಲ ಎಂಬುದು ಭಕ್ತರಿಗೆ ಗೊತ್ತಿತ್ತು. ಹುಡುಕಾಟ ತಕ್ಷಣ ಶುರುವಾಯಿತು. ಎರಡೇ ದಿನದಲ್ಲಿ ರಾಯಬಾಗ ತಾಲ್ಲೂಕಿನ ಖಟಕಬಾವಿಯ ಬಳಿ ಪಾಳುಬಿದ್ದ ಕೊಳವೆಬಾವಿಯಲ್ಲಿ ದೇಹ ಸಿಕ್ಕಿತು. ಕಾರಣ ಎಂದು ಪೊಲೀಸರು ಹೇಳಿದ್ದು ಹಣದ ವ್ಯವಹಾರ. ಟಿವಿಯವರು ಆ ಕೊಳವೆಬಾವಿಯ ಮುಂದೆ ದಿನವಿಡೀ ನಿಂತರು. ನಂಬಿಕೆಯಿಂದ ಕೊಟ್ಟ ಕೈಗಡವನ್ನು ವಾಪಸು ಕೇಳುವುದು ಇಲ್ಲಿ ಎಷ್ಟು ಜನರ ನಿತ್ಯದ ಮಾತು, ಅದರ ಸುತ್ತ ಎಷ್ಟು ಮೌನ ಇರುತ್ತದೆ ಎಂಬುದನ್ನು ತೋರಿಸಲು ಕ್ಯಾಮೆರಾಕ್ಕೆ ಏನೂ ಇರಲಿಲ್ಲ. ಆ ಜಾಗ ಬರಹಗಾರರಿಗೆ ಬಿಟ್ಟದ್ದು, ಅದೂ ಗಾಯ ಆರಿದ ಮೇಲೆ.

ಓದುವವರ ಬಗ್ಗೆ ಚಿಂತೆ ಬೇಡ. ಗಡಿಯ ಈಚೆಗೆ ಎರಡು ಭಾಷೆಯ ರಹಸ್ಯ ಸಾಹಿತ್ಯ ಓದಿ ಬೆಳೆದ ತಲೆಮಾರುಗಳಿವೆ. ನಿಪ್ಪಾಣಿ, ಕಾಗವಾಡದ ಮನೆಗಳಲ್ಲಿ ಸಾವಿರಕ್ಕೂ ಹೆಚ್ಚು ರಹಸ್ಯ ಕಥೆ ಬರೆದ ಬಾಬೂರಾವ್ ಅರ್ನಾಳಕರರ ಮರಾಠಿ ಪುಸ್ತಕಗಳು, ನಾರಾಯಣ ಧಾರಪರ ಭಯಕಥೆಗಳು ಒಂದು ಕಡೆ, ನರಸಿಂಹಯ್ಯ, ಟಿ.ಕೆ. ರಾಮರಾವ್ ಇನ್ನೊಂದು ಕಡೆ. ಬರೆಯುವವರಿಗೆ ತೊಡಕಾಗುವುದು ಮಾತು. ಬೀಡಿ ತಂಬಾಕಿನ ವಖಾರದಲ್ಲಿ ದುಡಿಯುವ ಹೆಂಗಸು ಮಗನನ್ನು ಮರಾಠಿಯಲ್ಲಿ ಕರೆಯುತ್ತಾಳೆ, ಸಾಹುಕಾರನ ಜೊತೆ ಕನ್ನಡದಲ್ಲಿ ಜಗಳ ಆಡುತ್ತಾಳೆ. ಮಗ ಕಾಣೆಯಾದ ಎಂದು ಅವಳು ಠಾಣೆಯಲ್ಲಿ ಎರಡನ್ನೂ ಬೆರೆಸಿ ಹೇಳಿದ್ದನ್ನು ಹವಾಲ್ದಾರ ಕಚೇರಿ ಕನ್ನಡದಲ್ಲಿ ಬರೆದುಕೊಳ್ಳುತ್ತಾನೆ, ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾನೆ. ಅವಳು ಹೇಳಿದ್ದಕ್ಕೂ ಅವನು ಬರೆದದ್ದಕ್ಕೂ ನಡುವೆ ಬಿಟ್ಟುಹೋದ ಒಂದು ಸಾಲಿನಿಂದ ಕಾದಂಬರಿ ಶುರುವಾಗಬಹುದು.